ಹಿತ್ತಲಿನ ಬಂಬಕ್ಕೆ ಬೇಕಾದದ್ದು ಕಟ್ಟಿಗೆಯಲ್ಲ, ದುರಸ್ತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಅಡುಗೆಮನೆಗೆ ಅನಿಲ ಬಂದಿದೆ; ಹಿತ್ತಲಿಗೆ ಬಂದಿಲ್ಲ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರು ರೊಟ್ಟಿಗೂ ಸಾರಿಗೂ ಮೀಸಲು. ಸ್ನಾನದ ನೀರಿಗಾಗಿ ಅದನ್ನು ಕರಗಿಸುವ ಧೈರ್ಯ ಯಾವ ಗೃಹಿಣಿಗೂ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ಯೂನಿಟ್ಟುಗಳು ಹಿಂದಿನ ಬಳಕೆಯ ಸರಾಸರಿಗೆ ಕಟ್ಟುಬಿದ್ದಿರುವುದರಿಂದ, ಕಾಯಿಲ್ ಹಚ್ಚಿ ನೀರು ಕಾಯಿಸತೊಡಗಿದ ಮನೆಗೆ ಬಿಲ್ಲು ಬರುವ ಸಂಭವವೇ ಹೆಚ್ಚು. ಆದ್ದರಿಂದ ಬೆಳಗಿನ ಜಾವ ಈ ಊರುಗಳ ಮೇಲೆ ಏಳುವ ಹೊಗೆ ಇಂದಿಗೂ ಬಹುಪಾಲು ಬಚ್ಚಲ ಒಲೆಯ ಹೊಗೆ.

ಆ ಒಲೆ ಎರಡು ಬಗೆಯದು. ಒಂದು, ಮಣ್ಣಿನ ಕಟ್ಟೆಯಲ್ಲಿ ಹೂಳಿಟ್ಟ ತಾಮ್ರದ ಹಂಡೆ. ಇನ್ನೊಂದು, ಬೆಳಗಾವಿ ಭಾಗದಲ್ಲಿ ಮರಾಠಿಯವರೂ ಕನ್ನಡಿಗರೂ ಬಂಬ ಎಂದೇ ಕರೆಯುವ ಉರುಟು ಪಾತ್ರೆ: ನಡುವೆ ಉರಿಯ ಕೊಳವೆ, ಅದರ ತಳದಲ್ಲಿ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಬೂದಿಯ ಗೂಡು, ಕೊಳವೆಯ ಸುತ್ತಲೂ ನೀರು. ಲಾಳಿಕೆಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಅದು ತಳ ಸೇರಿ ಅಷ್ಟೇ ಬಿಸಿನೀರನ್ನು ಮೇಲಿನ ಮೂತಿಯಿಂದ ಹೊರದೂಡುತ್ತದೆ. ಪರದೇಶಗಳಲ್ಲಿ ಮನೆಯ ಹೊರಗೆ ನಿಲ್ಲಿಸಿ ಇಡೀ ಮನೆಯನ್ನು ಬೆಚ್ಚಗಿಡುವ ದೊಡ್ಡ ಕಟ್ಟಿಗೆ ಕುಲುಮೆಗಳ ತತ್ತ್ವವೂ ಇದೇ; ಉರಿಯನ್ನು ನೀರಿನಿಂದ ಸುತ್ತುವರಿಯುವುದು. ಅವುಗಳಿಗೆ ಬರುವ ರೋಗಗಳೂ ಬಂಬಕ್ಕೆ ಬರುವ ರೋಗಗಳೂ ಹೆಚ್ಚುಕಡಿಮೆ ಒಂದೇ.

ರೋಗ ಬಂದಾಗ ಮನೆಯಲ್ಲಿ ಕೇಳಿಬರುವ ಮಾತೂ ಒಂದೇ: ‘ಕಟಗಿ ಹಸಿ ಐತಿ’, ‘ಕಟಗಿ ಸಾಲವಲ್ದು’. ದೋಷವನ್ನೆಲ್ಲ ಕಟ್ಟಿಗೆಯ ಮೇಲೆ ಹೊರಿಸುವ ಈ ರೂಢಿಯೇ ಇಲ್ಲಿನ ಗುಡ್ಡಗಳಿಗೆ ಕುತ್ತಾಗಿದೆ. ಒಲೆ ಕೆಟ್ಟಿದೆಯೆಂದು ಯಾರೂ ಒಪ್ಪುವುದಿಲ್ಲ. ಇನ್ನೊಂದು ಹೊರೆ ತರುತ್ತಾರೆ. ಕಿತ್ತೂರಿನ ಪಶ್ಚಿಮಕ್ಕೆ ಆ ಹೊರೆ ಖಾನಾಪುರದ ಕಾಡಂಚಿನಿಂದ ಬರುತ್ತದೆ. ಸವದತ್ತಿ, ರಾಮದುರ್ಗಗಳ ಮರಳುಗಲ್ಲಿನ ಗುಡ್ಡಗಳಲ್ಲಿ ಕುರುಚಲು ಬಿಟ್ಟರೆ ಬೇರೇನೂ ಉಳಿದಿಲ್ಲದ ಕಡೆ ಬಳ್ಳಾರಿ ಜಾಲಿಯಿಂದ ಬರುತ್ತದೆ. ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯಂದು ಉರಿಯುವ ಸಾಲು ಸಾಲು ಮೂರುಕಲ್ಲಿನ ಒಲೆಗಳನ್ನು ಕಂಡವರು ಇಷ್ಟು ಕಟ್ಟಿಗೆ ಎಲ್ಲಿಯದೆಂದು ಹೌಹಾರುತ್ತಾರೆ. ವರ್ಷದ ಹತ್ತು ತಿಂಗಳು ಪ್ರತಿ ಹಿತ್ತಲಲ್ಲೂ ಉರಿಯುವ ಒಲೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕವೊಂದಿದೆ. 40 ಲೀಟರು ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದದ್ದು 1000 ಕಿಲೋಕ್ಯಾಲೊರಿ. ಗಾಳಿಗೆ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3500 ಕಿಲೋಕ್ಯಾಲೊರಿ ಶಾಖವಿದೆ. ಎಂದರೆ 300 ಗ್ರಾಮಿಗೂ ಕಡಿಮೆ ಕಟ್ಟಿಗೆಯಲ್ಲಿ ಆ ನೀರು ಕಾಯಬೇಕು. ಯಾವ ಒಲೆಯೂ ಶಾಖವನ್ನು ಪೂರ್ತಿ ನೀರಿಗೆ ಕೊಡಲಾರದು, ನಿಜ. ಬಿರುಕುಬಿಟ್ಟ ಒಲೆ ಆರನೆಯ ಒಂದು ಪಾಲನ್ನು ಕೊಟ್ಟರೆ 1 ಕಿಲೋ 700 ಗ್ರಾಂ ಬೇಕು. ಸರಿಯಾಗಿರುವ ಒಲೆ ಮೂರನೆಯ ಒಂದು ಪಾಲು ಕೊಟ್ಟರೆ ಅದರ ಅರ್ಧ ಸಾಕು. ಉಳಿತಾಯ ದಿನಕ್ಕೆ 850 ಗ್ರಾಂ. ಕಡುಬೇಸಿಗೆಯ ಎರಡು ತಿಂಗಳು ಬಿಟ್ಟು 300 ದಿನಕ್ಕೆ ಲೆಕ್ಕ ಹಿಡಿದರೆ ಒಂದು ಮನೆಗೆ ಎರಡೂವರೆ ಕ್ವಿಂಟಲ್, ಇನ್ನೂರು ಮನೆಗಳ ಊರಿಗೆ ಐವತ್ತು ಟನ್ನು. ಇದು ಅಂದಾಜು, ಮನೆಯಿಂದ ಮನೆಗೆ ವ್ಯತ್ಯಾಸವಾದೀತು. ಆದರೂ ಒಂದು ದಿನದ ವನಮಹೋತ್ಸವದಲ್ಲಿ ನೆಡುವ ಸಸಿಗಳು ಐವತ್ತು ಟನ್ನು ತೂಗಲು ಎಷ್ಟು ವರ್ಷ ಬೇಕೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ ಉಳಿಸು, ಬೆಳೆಸು, ಬಳಸು ಎಂದು ಮೂರು ಮಾತು ಹೇಳಿತ್ತು. ಮೊದಲೆರಡಕ್ಕೆ ಸಭೆಗಳಾದವು, ಮೆರವಣಿಗೆಗಳಾದವು. ಮೂರನೆಯದು, ಹಿತಮಿತವಾಗಿ ಬಳಸುವುದು, ಒಲೆಯ ಬಾಯಿಯಲ್ಲಿ ಕೂತು ಮಾಡಬೇಕಾದ ಕೆಲಸ.

ಬಂಬ ಹೊಗೆ ಕಾರುತ್ತಿದ್ದರೆ ಮೊದಲು ನೋಡಬೇಕಾದದ್ದು ಜಾಲರಿಯ ಕೆಳಗೆ. ಉರಿಗೆ ಗಾಳಿ ಬರುವ ದಾರಿ ಅದು. ನಿನ್ನೆಯ ಬೂದಿ ಅಲ್ಲಿಯೇ ಕೂತಿದ್ದರೆ ಇಂದಿನ ಬೆಂಕಿಗೆ ಉಸಿರಿಲ್ಲ. ಕುಳ್ಳು ಉರಿಸುವ ಮನೆಗಳಲ್ಲಿ ಬೂದಿ ಕಟ್ಟಿಗೆಯದಕ್ಕಿಂತ ಬಹುಪಟ್ಟು ಹೆಚ್ಚಾದ್ದರಿಂದ ಗೂಡು ಒಂದೇ ಹೊತ್ತಿಗೆ ತುಂಬುತ್ತದೆ. ಕಬ್ಬಿನ ರವದಿಯದೂ ಅದೇ ಕಥೆ. ಜಾಲರಿಯ ಸರಳುಗಳು ಸುಟ್ಟು ಬಾಗಿ ಒಂದಕ್ಕೊಂದು ಅಂಟಿದ್ದರೆ ಕಂಬಾರನಿಂದ ಬೆರಳು ಹೋಗುವಷ್ಟು ಸಂದಿಯಿರುವ ಹೊಸ ಸರಳು ಕೂಡಿಸುವುದಲ್ಲದೆ ಬೇರೆ ದಾರಿಯಿಲ್ಲ. ದೊಡ್ಡ ಖರ್ಚೂ ಅಲ್ಲ.

ಕೆಳಗೆ ಸರಿಯಿದ್ದರೆ ಮೇಲೆ ನೋಡಬೇಕು. ಉರಿ ಹಚ್ಚುವ ಮುನ್ನ ಒಂದು ಊದುಬತ್ತಿಯನ್ನು ಒಲೆಯ ಬಾಯಿಯಲ್ಲಿ ಹಿಡಿದರೆ ಅದರ ಹೊಗೆ ಒಳಗೆ ಎಳೆಯುತ್ತದೋ ಹೊರಗೆ ತಿರುಗುತ್ತದೋ ಕಾಣುತ್ತದೆ. ಹೊರಗೆ ತಿರುಗಿದರೆ ಕೊಳವೆಯಲ್ಲಿ ಮಸಿ ಕಟ್ಟಿದೆ, ಇಲ್ಲವೆ ಹೊಗೆಕೊಳವೆ ಪಕ್ಕದ ಗೋಡೆಗಿಂತ ಗಿಡ್ಡವಾಗಿದೆ. ಆಷಾಢದ ಪಡುವಣ ಗಾಳಿ ಗೋಡೆಗೆ ಬಡಿದು ಕೆಳಗಿಳಿಯುವಾಗ ಗಿಡ್ಡ ಕೊಳವೆಯ ಹೊಗೆಯನ್ನು ಹಾಗೆಯೇ ಒಳಗೆ ದಬ್ಬುತ್ತದೆ. ಎರಡು ಮೂರು ಅಡಿ ತಗಡಿನ ಕೊಳವೆ ಏರಿಸಿ ಮೇಲೊಂದು ಟೋಪಿ ಇಟ್ಟರೆ ಈ ಕಾಟ ತಪ್ಪುತ್ತದೆ. ಮಸಿಗೆ, ಕೋಲಿಗೆ ಕಟ್ಟಿದ ತೆಂಗಿನ ನಾರು ಸಾಕು. ವಾರಕ್ಕೊಮ್ಮೆ, ಬಂಬ ತಣ್ಣಗಿದ್ದಾಗ. ಹಸಿ ಕಟ್ಟಿಗೆಯಿಂದ ಕೂತ ಡಾಂಬರಿನಂಥ ಹೊಳೆಯುವ ಮಸಿ ನಾರಿಗೆ ಬಗ್ಗುವುದಿಲ್ಲ. ಒಣಗಿದ ಹತ್ತಿ ಕಟಗಿಯ ಚುರುಕಾದ ಸಣ್ಣ ಉರಿ ಹಾಕಿ, ಆರಿದ ಮೇಲೆ ಕೆರೆದರೆ ಅದು ಹಕ್ಕಳೆಯಾಗಿ ಉದುರುತ್ತದೆ.

ಹಸಿ ಕಟ್ಟಿಗೆಯ ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಈಗಷ್ಟೇ ಕಡಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರನ್ನು ಆವಿ ಮಾಡುವುದರಲ್ಲೇ ಶಾಖ ವ್ಯಯವಾಗಿ, ಒಂದು ಕಿಲೋದಿಂದ ದೊರೆಯುವುದು ಒಣ ಕಟ್ಟಿಗೆಯ ಅರ್ಧದಷ್ಟು. ಆದರೆ ಇದಕ್ಕೆ ಪರಿಹಾರ ಮತ್ತಷ್ಟು ಕಡಿಯುವುದಲ್ಲ. ಸೀಳಿ, ಮಳೆ ತಾಗದಂತೆ ಒಟ್ಟಿ, ಒಂದು ಬೇಸಿಗೆ ಕಾಯುವುದು. ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ, ಟೈರಿನ ತುಂಡು ಹಾಕುವ ಚಾಳಿಯಂತೂ ಖಂಡನೀಯ. ಆ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕೂತ ತಾಯಿಯ ಎದೆಯನ್ನು. ಪಿವಿಸಿ ಸುಟ್ಟಾಗ ಏಳುವ ಆಮ್ಲ ತಾಮ್ರವನ್ನೂ ತಿನ್ನುತ್ತದೆ.

ಇನ್ನು ಸೋರಿಕೆ. ಬಂಬದ ಕೊಳವೆಯಿಂದ ಬೆಂಕಿಯ ಮೇಲೆ ನೀರು ಹನಿಯುವುದನ್ನು ಕಂಡೊಡನೆ ತೂತು ಬಿತ್ತೆಂದು ತೀರ್ಮಾನಿಸಿ ಗುಜರಿಯವನಿಗೆ ತಾಮ್ರದ ತೂಕಕ್ಕೆ ಮಾರಿದ ಮನೆಗಳುಂಟು. ಅನೇಕ ಸಲ ಅದು ತೂತಲ್ಲ, ಬೆವರು. ಪೂರ್ತಿ ಒಣಗಿದ ಒಂದು ಕಿಲೋ ಕಟ್ಟಿಗೆ ಉರಿದರೂ ಸುಮಾರು ಅರ್ಧ ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ತಣ್ಣೀರು ತುಂಬಿದ ತಾಮ್ರಕ್ಕೆ ಆ ಆವಿ ತಾಗಿ, ತಂಬಿಗೆಯ ಹೊರಮೈ ಬೆವರುವಂತೆ ಹನಿಗಟ್ಟುತ್ತದೆ. ನೀರು ಬಿಸಿಯಾದಂತೆ ಬೆವರು ನಿಲ್ಲುತ್ತದೆ. ಗುರುತಿಸುವ ಬಗೆ ಸುಲಭ. ರಾತ್ರಿ ಬಂಬ ತುಂಬಿಸಿ, ಉರಿ ಹಚ್ಚದೆ, ಗೂಡಿನಲ್ಲಿ ಒಣ ಬೂದಿ ಹರವಿಡಬೇಕು. ಬೆಳಿಗ್ಗೆ ಬೂದಿ ಒಣಗಿದ್ದರೆ ಬಂಬ ಗಟ್ಟಿಯಿದೆ. ಒದ್ದೆಯಾಗಿದ್ದರೆ ಮಾತ್ರ ಕಂಚಗಾರನ ಕೆಲಸ.

ಅಲ್ಲಿಯೂ ಅವಸರದ ಪರಿಹಾರ ನಿಲ್ಲದು. ಸಿಮೆಂಟು, ಅಂಗಡಿಯ ಅಂಟು ಮುಂತಾದ ಮೆತ್ತುವಿಕೆ ಉರಿಯ ಮುಂದೆ ಕೆಲವೇ ದಿನ ಬಾಳುತ್ತದೆ. ಉರಿ ತಾಗುವ ಸೀಳಿಗೆ ಹಿತ್ತಾಳೆಯ ಬೆಸುಗೆಯೇ ಆಗಬೇಕು. ನಲ್ಲಿ, ಮೂತಿ ಮೊದಲಾದ ಕಡೆ ತವರ-ಸೀಸದ ಬೆಸುಗೆ ಸಾಕು. ಆದರೆ ಅದು ಕರಗುವುದು 200 ಡಿಗ್ರಿಯ ಆಸುಪಾಸಿನಲ್ಲಿ. ಹಿಂದೆ ನೀರಿರುವವರೆಗೆ ಲೋಹ 100 ಡಿಗ್ರಿಯ ಸುತ್ತಮುತ್ತಲೇ ನಿಲ್ಲುವುದರಿಂದ ಅಪಾಯವಿಲ್ಲ. ಖಾಲಿ ಬಂಬಕ್ಕೆ ಉರಿ ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಬೆಸುಗೆ ಬಿಡುತ್ತದೆ. ಬಂಬ ಕೆಡುವುದಕ್ಕೆ ಇದರಷ್ಟು ಸಾಮಾನ್ಯವಾದ, ಇದರಷ್ಟು ಅನಗತ್ಯವಾದ ಕಾರಣ ಇನ್ನೊಂದಿಲ್ಲ.

ಬೋರಿನ ಗಡಸು ನೀರಿನ ಊರುಗಳಲ್ಲಿ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ನೀರು ತಡವಾಗಿ ಕಾಯಲು ಇದೇ ಕಾರಣವೆಂದು ನಂಬುವವರಿದ್ದಾರೆ. ತೆಳುವಾಗಿರುವಷ್ಟು ದಿನ ಇದರಿಂದಾಗುವ ನಷ್ಟ ಅಲ್ಪ, ಹೊರಗಿನ ಮಸಿ ಇದಕ್ಕಿಂತ ದೊಡ್ಡ ವೈರಿ. ಆದರೆ ದಪ್ಪಗೆ ಬೆಳೆದ ಸುಣ್ಣ ನಲ್ಲಿಯನ್ನು ಮುಚ್ಚುತ್ತದೆ, ನೀರನ್ನು ಬೆಸುಗೆಯಿಂದ ದೂರವಿಟ್ಟು ಅದನ್ನು ಸುಡುತ್ತದೆ. ಹುಣಸೆಹುಳಿಯ ಬಿಸಿನೀರನ್ನು ರಾತ್ರಿಯಿಡೀ ನಿಲ್ಲಿಸಿ ತೊಳೆದರೆ ಸುಣ್ಣ ಸಡಿಲುತ್ತದೆ. ಪಾಯಿಖಾನೆ ತೊಳೆಯುವ ಆಮ್ಲ ಸುರಿದರೆ ಸುಣ್ಣದೊಡನೆ ಹಿತ್ತಾಳೆಯೂ ಬೆಸುಗೆಯೂ ಹೋಗುತ್ತವೆ.

ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಈಚೆಗೆ ಮಾಳಿಗೆಯ ಟ್ಯಾಂಕಿನಿಂದ ಬಂಬಕ್ಕೆ ನೇರ ಕೊಳವೆ ಜೋಡಿಸಿ, ನೀರು ಉಕ್ಕುತ್ತದೆಂದು ಲಾಳಿಕೆಯ ಬಾಯಿಯನ್ನು ಬೆಸೆದು ಮುಚ್ಚುವುದು ರೂಢಿಯಾಗುತ್ತಿದೆ. ಒಂದು ಲೀಟರು ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಹೊರಹೋಗಲು ದಾರಿಯಿಲ್ಲದ ಬಂಬ ಬಚ್ಚಲಲ್ಲಿಟ್ಟ ಸಿಡಿಮದ್ದು. ನೇರ ಕೊಳವೆ ಬೇಕೇಬೇಕೆಂದರೆ, ಬಂಬದ ನೆತ್ತಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಸದಾ ತೆರೆದ ಇನ್ನೊಂದು ಕೊಳವೆ ಏರಲೇಬೇಕು; ಅದಕ್ಕೆ ನಲ್ಲಿ ಕೂಡದು. ಚಳಿಗೆಂದು ಕೆಂಡವಿರುವ ಬಂಬವನ್ನು ಒಳಕ್ಕೆ ತಂದು ಬಚ್ಚಲ ಬಾಗಿಲು ಹಾಕುವುದೂ ಅಷ್ಟೇ ಘೋರ. ಇಂಗಾಲದ ಮೋನಾಕ್ಸೈಡಿಗೆ ವಾಸನೆಯಿಲ್ಲ.

ಮಣ್ಣಿನ ಹಂಡೆಒಲೆಯ ದುರಸ್ತಿಯಲ್ಲಿ ನೆಲದ ಗುಣ ತಿಳಿದಿರಬೇಕು. ಬೈಲಹೊಂಗಲ, ಸವದತ್ತಿಯ ಎರೆಮಣ್ಣು ಹತ್ತಿಗೆ ಒಳ್ಳೆಯದು, ಒಲೆಗಲ್ಲ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವಂತೆಯೇ ಒಲೆಯೂ ಬಾಯಿಬಿಡುತ್ತದೆ. ಆ ಬಿರುಕಿನಲ್ಲಿ ಶಾಖ ಸೋರುತ್ತದೆ. ಮಸಾರಿ ಮಣ್ಣಿಗೆ ಮರಳು, ಸಣ್ಣಗೆ ಕೊಚ್ಚಿದ ಹೊಟ್ಟು, ಸಗಣಿ ಸೇರಿಸಿ ಕೆಲದಿನ ಕೊಳೆಸಿದ ಕೆಸರೇ ಬೇಕು. ಹಳೆಯ ಬಿರುಕನ್ನು ಅಗಲಿಸಿ, ನೀರು ಚಿಮುಕಿಸಿ ತುಂಬಬೇಕು. ಒಣ ಬಿರುಕಿನ ಮೇಲೆ ಸಾರಿಸಿದ್ದು ಮೂರು ದಿನಕ್ಕೆ ಉದುರುತ್ತದೆ. ಹಂಡೆಯ ತಳಕ್ಕೆ ಬೂದಿ-ಮಣ್ಣಿನ ಲೇಪ ಬಳಿದು ಒಲೆಗೇರಿಸುವ ಅಜ್ಜಿಯರ ಪದ್ಧತಿಯಿಂದ ಮಸಿ ಲೋಹಕ್ಕೆ ಹಿಡಿಯದೆ ಲೇಪದೊಡನೆ ಕಳಚುತ್ತದೆ.

ಇಷ್ಟೆಲ್ಲ ತಿಳಿವು ಊರಲ್ಲೇ ಇದ್ದೂ ಒಲೆಗಳು ಏಕೆ ಕೆಟ್ಟುಕೂತಿವೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಕೊಳವೆಗಳುಳ್ಳ ಅಸ್ತ್ರ ಒಲೆಯನ್ನು ಕೊಟ್ಟಿತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆ ಕಟ್ಟಿಸಿ 2002ರಲ್ಲಿ ನಿಂತುಹೋಯಿತು. ಕಟ್ಟಿದ ಒಲೆಗಳ ಲೆಕ್ಕ ಇಡಲಾಯಿತು. ಕೆಟ್ಟ ಒಲೆಯನ್ನು ಯಾರು ಸರಿಪಡಿಸಬೇಕೆಂಬುದಕ್ಕೆ ಉತ್ತರ ಸಿಗಲಿಲ್ಲ. ಕೊಳವೆ ತುಂಬಿದ ಒಲೆ ಹೊಗೆ ಕಾರತೊಡಗಿತು, ಹೆಂಗಸರು ಅದನ್ನು ಒಡೆದು ಮತ್ತೆ ಮೂರು ಕಲ್ಲು ಹೂಡಿದರು. ಅದು ಹೆಂಗಸರ ಅಜ್ಞಾನವೆಂದು ವರದಿ ಬರೆಯುವುದು ಅನ್ಯಾಯ.

ಗ್ರಾಮ ಪಂಚಾಯಿತಿಗಳು ಸೌರ ದೀಪಕ್ಕೆ, ಸಸಿಗೆ ಹಣ ತೆಗೆದಿಡುವಂತೆ ಒಲೆಯ ರಿಪೇರಿಗೂ ವರ್ಷಕ್ಕೊಂದು ಸಣ್ಣ ಮೊತ್ತ ತೆಗೆದಿಡಲು ಅಡ್ಡಿಯೇನು? ಐಟಿಐ ವಿದ್ಯಾರ್ಥಿಗಳಿಗೆ ಬೆಸುಗೆ ಬರುತ್ತದೆ, ಉಳಿದಿರುವ ಕೆಲವೇ ಕಂಚಗಾರರಿಗೆ ತಾಮ್ರದ ಗುಣ ಗೊತ್ತು. ಇಬ್ಬರನ್ನೂ ಒಂದು ದಿನ ಒಂದೇ ಊರಿಗೆ ಕರೆತಂದರೆ ಹತ್ತಾರು ಬಂಬಗಳು ಗುಜರಿಯಿಂದ ಪಾರಾಗುತ್ತವೆ. ದಿನವನ್ನು ಹುಡುಕಬೇಕಾಗಿಯೂ ಇಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಪ್ರತಿ ಮನೆಯಲ್ಲೂ ಹಂಡೆ, ಬಂಬಗಳು ಹೊರಬಂದು ಹುಣಸೆ ತಿಕ್ಕಿಸಿಕೊಳ್ಳುತ್ತವೆ. ಆ ಬೆಳಿಗ್ಗೆ, ನೀರು ತುಂಬುವ ಮೊದಲು, ಬ್ಯಾಟರಿ ಹಿಡಿದು ಕೊಳವೆಯೊಳಗೆ ಒಮ್ಮೆ ಇಣುಕಿದರೆ ಮಸಿ, ಬೆಸುಗೆ, ಜಾಲರಿ ಮೂರೂ ಒಟ್ಟಿಗೆ ಕಾಣುತ್ತವೆ.