ಬೇಟೆಗೆ ಮೊದಲು ಹೆಸರು ಕಸಿಯುತ್ತಾರೆ!



ರಕ್ತ ಹೀರುವ ಪಿಶಾಚಿಗಳ ಕಥೆಯೆಂದರೆ ಹುಡುಗರು ಹೊತ್ತು ಕಳೆಯುವ ಸರಕು ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ಬಿಡಿ. ಅಮೆರಿಕದ ಆಂಡ್ರ್ಯೂ ಫುಕುಡಾ 2012ರಲ್ಲಿ ಪ್ರಕಟಿಸಿದ 'ದಿ ಹಂಟ್' ಎಂಬ ಇಂಗ್ಲಿಷ್ ಕಾದಂಬರಿ ಸಿಕ್ಕರೆ ಓದಿ.

ಅಲ್ಲಿ ರಕ್ತ ಹೀರುವವರೇ ಬಹುಸಂಖ್ಯಾತರು. ಶಾಲೆ ಅವರದು, ಸರ್ಕಾರ ಅವರದು. ಮನುಷ್ಯರು ಹೆಚ್ಚುಕಡಿಮೆ ನಿರ್ನಾಮ. ಹದಿನೇಳರ ಹುಡುಗ ಜೀನ್ ಮಾತ್ರ ಅವರ ನಡುವೆ ಅವರಂತೆಯೇ ನಟಿಸುತ್ತ ಉಳಿದಿದ್ದಾನೆ. ಸುಳ್ಳು ಕೋರೆಹಲ್ಲು ಹಾಕಿಕೊಳ್ಳಬೇಕು. ಮೈವಾಸನೆ ತೊಳೆದುಕೊಳ್ಳಬೇಕು. ಬೆವರುವಂತಿಲ್ಲ, ಅಳುವಂತಿಲ್ಲ, ನಗುವಂತಿಲ್ಲ! ತಮಾಷೆ ಎನಿಸಿದರೆ ಅವರು ಮಣಿಕಟ್ಟು ಕೆರೆದುಕೊಳ್ಳುತ್ತಾರೆ. ಇವನೂ ಹಾಗೇ ಕೆರೆದುಕೊಳ್ಳಬೇಕು. ಕೊನೆಗೆ ಸರ್ಕಾರ ಮನುಷ್ಯಬೇಟೆಗೆ ಲಾಟರಿ ಎತ್ತುತ್ತದೆ. ಬೇಟೆಗಾರನಾಗಿ ಇವನ ನಂಬರೇ ಬರುತ್ತದೆ! ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ವಲಸೆ ಬಂದ ಹುಡುಗ ಹುಡುಗಿಯರ ನಡುವೆ ಕೆಲಸ ಮಾಡಿದ ಲೇಖಕನಿಗೆ ಈ ಉಸಿರುಗಟ್ಟುವಿಕೆ ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ ನಡೆಸುವವನು. ನನ್ನ ಕಣ್ಣು ಮೊದಲು ಬೀಳುವುದು ಪದದ ಮೇಲೆ. ಈ ಕಥೆಯಲ್ಲಿ ರಕ್ತ ಹೀರುವವರು ತಮ್ಮನ್ನು ಕರೆದುಕೊಳ್ಳುವುದು 'ಜನ' ಎಂದು! ಮನುಷ್ಯರಿಗೆ ಅವರಿಟ್ಟ ಹೆಸರು 'ಹೆಪರ್'. ಗುಮ್ಮಟದಡಿ ಕೂಡಿಟ್ಟ ತನ್ನದೇ ಕುಲದವರನ್ನು ಜೀನ್ ಕೂಡ ಅದೇ ಪದದಿಂದ ಕರೆಯುತ್ತಾನೆ. ಕೋರೆಹಲ್ಲಿಗಿಂತ ನನ್ನನ್ನು ಹೆದರಿಸಿದ್ದು ಇದು.

ಕಟ್ಟುಕಥೆ ಎನ್ನುತ್ತೀರಾ? ರುವಾಂಡಾ ದೇಶದಲ್ಲಿ 1994ರಲ್ಲಿ ಟುಟ್ಸಿ ಜನರ ಮಾರಣಹೋಮ ನಡೆಯಿತು. ಕೇವಲ ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು. ಅದಕ್ಕೂ ಮೊದಲೇ 'ಕಂಗೂರಾ' ಎಂಬ ಪತ್ರಿಕೆ ಅವರನ್ನು ಜಿರಲೆಗಳೆಂದು ಅಚ್ಚು ಹಾಕಿತ್ತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅದರ ಸಂಪಾದಕನನ್ನು ಅಪರಾಧಿ ಎಂದು ಸಾರಿತು. ಮಚ್ಚು ಬರುವ ಮುಂಚೆ ಮಸಿ ಬಂದಿತ್ತು!

ಜಿರಲೆಯನ್ನು ಹೊಸಕಿದವನಿಗೆ ರಾತ್ರಿ ನಿದ್ದೆ ಕೆಡುವುದಿಲ್ಲ. ಅದಕ್ಕೇ ಮನುಷ್ಯನನ್ನು ಮೊದಲು ಜಿರಲೆ ಮಾಡುತ್ತಾರೆ.

ಯುವ ಮಿತ್ರರೇ, ನಿಮ್ಮನ್ನು ಯಾರಾದರೂ ಕೀಳು ಹೆಸರಿನಿಂದ ಕರೆದರೆ ತಲೆಯೆತ್ತಿ ನಿಮ್ಮ ಹೆಸರು ಹೇಳಿ. ನಿಮ್ಮ ಪಕ್ಕದವನೇ ಇನ್ನೊಬ್ಬನನ್ನು ಹಾಗೆ ಕರೆದರೆ ಅವನ ಬಾಯಿ ಮುಚ್ಚಿಸಿ. ಹಕ್ಕಿಗಾಗಿ ಬೀದಿಗಿಳಿಯೋಣ, ಗಂಟಲು ಹರಿಯುವಂತೆ ಕೂಗೋಣ. ಆದರೆ ಎದುರಿಗಿರುವವನೂ ಜನ ಎಂಬುದನ್ನು ಮರೆತ ಘೋಷಣೆಯ ಕರಪತ್ರ ತಂದರೆ ನನ್ನ ಯಂತ್ರ ತಿರುಗುವುದಿಲ್ಲ. ನೀವೂ ಅದನ್ನು ಹಂಚಬೇಡಿ!