ಪ್ರಸಾದಿಯ ಎಚ್ಚರ, ಕ್ರೀಡಾಪಟುವಿನ ಎಚ್ಚರ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗರಡಿಮನೆಗಳಲ್ಲಿ ಪೈಲ್ವಾನರ ಬಲವೆಂದರೆ ರೊಟ್ಟಿ, ಹಾಲು, ಬಾದಾಮಿ ಮತ್ತು ಬೆವರು. ಇಂದು ಗರಡಿಯ ಪಕ್ಕಕ್ಕೆ ಜಿಮ್ ಬಂದಿದೆ, ಹಾಲಿನ ಚರಿಗೆಯ ಪಕ್ಕಕ್ಕೆ ಪುಡಿಯ ಡಬ್ಬಿ ಬಂದಿದೆ. ಪುಡಿಯೆಲ್ಲವೂ ವಿಷವೆಂದು ನಾವು ಹೇಳೆವು. ಒಳಗೇನಿದೆಯೆಂದು ವಿಚಾರಿಸದೆ ನುಂಗುವ ರೂಢಿಯೇ ನಮ್ಮ ಚಿಂತೆಗೆ ಕಾರಣ.

ಇದರ ಫಲವೇನೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಕುಟುಂಬದ ಮಗಳು ಅಶ್ವಿನಿ ಅಕ್ಕುಂಜಿ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇಯಲ್ಲಿ ಎರಡು ಚಿನ್ನ ಗೆದ್ದು ನಾಡಿಗೆ ಕೀರ್ತಿ ತಂದರು. 2011ರಲ್ಲಿ ಅವರ ಹಾಗೂ ಇತರ ಓಟಗಾರ್ತಿಯರ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಪತ್ತೆಯಾಯಿತು. ವಿದೇಶಿ ತರಬೇತುದಾರರು ಚೀನಾದಿಂದ ತಂದ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು, ನಮಗದು ತಿಳಿದಿರಲಿಲ್ಲ ಎಂಬುದು ಅವರ ವಾದ. ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. ದೇಹದೊಳಗೆ ಸೇರಿದ್ದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ಕ್ರೀಡಾಲೋಕದ ನಿಯಮ.

ಈ ನಿಯಮ ಕಠೋರವೆಂದು ತೋರಬಹುದು. ಆದರೆ ಷಟ್‌ಸ್ಥಲವನ್ನು ಬಲ್ಲವರಿಗೆ ಇದು ಹೊಸತಲ್ಲ. ಪ್ರಸಾದಿಸ್ಥಲದ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಯಾವುದನ್ನು ಸ್ವೀಕರಿಸುತ್ತಿದ್ದೇನೆ, ಅದು ಲಿಂಗಕ್ಕೆ ಅರ್ಪಿಸಲು ಯೋಗ್ಯವೇ ಎಂಬ ಎಚ್ಚರವಿಲ್ಲದೆ ಪ್ರಸಾದಿಯು ಏನನ್ನೂ ಸೇವಿಸನು. ಕೊಟ್ಟವರು ಗುರುಸ್ಥಾನದಲ್ಲಿದ್ದರೂ ಆ ಎಚ್ಚರದ ಹೊಣೆ ಸೇವಿಸುವವನದೇ.

ಅರಿತೇ ಸೇವಿಸುವವರ ಮಾತು ಬೇರೆ. ಕಾಯಕದಿಂದ ಬಾರದ ಬಲ ಕಳವಿನ ಸೊತ್ತು. ಅದು ಎದುರಾಳಿಯ ಬೆವರನ್ನು ಕದಿಯುತ್ತದೆ. ಯಕೃತ್ತು, ಹೃದಯಗಳಿಗೆ ಹಾನಿ ಮಾಡುತ್ತದೆ, ಗಂಡಸರಲ್ಲಿ ಸಂತಾನಶಕ್ತಿಯನ್ನು ಕುಗ್ಗಿಸುತ್ತದೆ, ಹೆಣ್ಣುಮಕ್ಕಳ ದನಿಯನ್ನೇ ಗಡಸಾಗಿಸುತ್ತದೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗನ ಕೈಯಲ್ಲಿ ಡಬ್ಬಿ ಕಂಡರೆ ಗದರಿಸಬೇಡಿರಿ. ಯಾರು ಕೊಟ್ಟರು, ಏತಕ್ಕೆಂದು ಕೇಳಿರಿ, ವೈದ್ಯರಿಗೆ ತೋರಿಸಿರಿ. ಡಬ್ಬಿಯ ಮೇಲೆ ಬರೆಯದ ಪದಾರ್ಥವೂ ಒಳಗಿರಬಹುದೆಂದು ನೆನಪಿಡಿರಿ. ಪದಕ ಬಂದರೆ ನೌಕರಿ ಎಂಬ ಆಸೆಯನ್ನು ಎಳೆಯ ಹೆಗಲ ಮೇಲೆ ಹೇರಬೇಡಿರಿ. ಸೋತು ಬಂದ ಮಗುವಿಗೂ ಗೆದ್ದವನಿಗಿಡುವ ರೊಟ್ಟಿಯನ್ನೇ ಇಡುವ ಮನೆಯಲ್ಲಿ ಇಂಥ ಮದ್ದಿಗೆ ಎಡೆಯಿರದು.