ನಡುರಾತ್ರಿಯ ನಗೆ

ಚಲನಚಿತ್ರವು ಕಣ್ಣೀರು ಸುರಿಸಬಹುದು, ನೀತಿ ಹೇಳಬಹುದು. ಆದರೆ ಹುಚ್ಚುಹುಚ್ಚಾಗಿ ನಗಬಾರದು ಎಂಬುದು ನಮ್ಮ ವಿದ್ಯಾವಂತರ ಅಲಿಖಿತ ಶಾಸನ. ಅದರಲ್ಲಿಯೂ ಪಂಕ್ ಎಂಬ ಒರಟು ಸಂಗೀತ, ಅನ್ಯಗ್ರಹದ ಜೀವಿ, ವಿಡಂಬನೆ ಈ ಮೂರೂ ಕೂಡಿದರೆ, ಪಡ್ಡೆ ಹುಡುಗರ ನಡುರಾತ್ರಿಯ ಗದ್ದಲವೆಂದು ಬದಿಗೆ ಸರಿಸಿಬಿಡುತ್ತೇವೆ. ಈ ತಾತ್ಸಾರ ಸಲ್ಲದೆಂಬುದು ನನ್ನ ಮತ.

ಅಲೆಕ್ಸ್ ಕಾಕ್ಸ್ 1984ರಲ್ಲಿ ನಿರ್ದೇಶಿಸಿದ ‘ರೆಪೋ ಮ್ಯಾನ್’ ಈ ಬಗೆಯ ಚಿತ್ರಗಳಲ್ಲಿ ಹೆಸರಾದುದು. ಲಾಸ್ ಏಂಜಲೀಸಿನ ಪಂಕ್ ತರುಣನೊಬ್ಬ ಅಂಗಡಿಯ ಕೆಲಸ ಕಳೆದುಕೊಂಡು, ಕಂತು ಕಟ್ಟದವರ ಕಾರುಗಳನ್ನು ಎಳೆದು ತರುವವರ ಗುಂಪಿಗೆ ಸೇರುತ್ತಾನೆ. ಅವನಿಗೆಂದು ತೆಗೆದಿರಿಸಿದ್ದ ಹಣವನ್ನು ತಾಯಿತಂದೆಯರು ದೂರದರ್ಶನದ ಧರ್ಮಬೋಧಕನಿಗೆ ದಾನ ಮಾಡಿದ್ದಾರೆ. ಇತ್ತ ಒಂದು ಹಳೆಯ ಕಾರಿನ ಡಿಕ್ಕಿಯಲ್ಲಿ ಮುಚ್ಚಳ ತೆರೆದವರನ್ನು ಭಸ್ಮಮಾಡುವ ಬೆಳಕು ಅಡಗಿದೆ. ಕೊನೆಗೆ ಆ ಕಾರು ಹಸಿರಾಗಿ ಹೊಳೆದು ಆಕಾಶಕ್ಕೇರುತ್ತದೆ. ಮೊದಲು ಹೆಚ್ಚು ಜನ ನೋಡದ ಈ ಚಿತ್ರ, ಅದರ ಹಾಡುಗಳ ಧ್ವನಿಮುದ್ರಿಕೆ ಜನಪ್ರಿಯವಾದ ಬಳಿಕ ಮರುಜನ್ಮ ಪಡೆಯಿತು. ನಡುರಾತ್ರಿಯ ಪ್ರೇಕ್ಷಕರ ಮೆಚ್ಚಿನದಾಯಿತು.

ಬಳ್ಳಾರಿಯವರಿಗೆ ಇದು ದೂರದ ಕಥೆಯೆ? 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಈ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತವು. ಲಾರಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. ‘ಗಾಡಿ ಸೀಜ್ ಆತು’ ಎಂಬ ಮಾತು ನಮ್ಮ ಓಣಿಗಳಲ್ಲಿ ಸಾವಿನ ಸುದ್ದಿಯಂತೆ ಕೇಳಿಸುತ್ತಿತ್ತು. ಅಷ್ಟು ದೊಡ್ಡ ಸಂಕಟದಿಂದ ನಾವು ಒಂದು ಒಳ್ಳೆಯ ನಗೆಯನ್ನೂ ಪಡೆಯಲಿಲ್ಲ.

ನಡುರಾತ್ರಿಯ ನಗೆ ನಮಗೆ ಪರಕೀಯವೂ ಅಲ್ಲ. ಕುರುಗೋಡು, ಸಿರುಗುಪ್ಪದ ಸೀಮೆಯಲ್ಲಿ ದೊಡ್ಡಾಟವೆಂದರೆ ಬೆಳಗಿನವರೆಗಿನ ಆಟ. ಕಿರೀಟ, ಭುಜಕೀರ್ತಿ ಧರಿಸಿ ರಂಗವೇ ನಡುಗುವಂತೆ ಕುಣಿದು ಬಂದ ದೊರೆಯನ್ನು ಸಾರಥಿಯು ತಡೆದು, ‘ನೀನು ಯಾರು, ನಿನ್ನ ಊರಾವುದು’ ಎಂದು ವಿಚಾರಿಸುತ್ತಾನೆ. ದೊರೆ ಉತ್ತರ ಕೊಡಲೇಬೇಕು. ಹಗಲು ಸಾಹುಕಾರನದು, ಪ್ರಶ್ನೆ ಕೇಳುವ ಈ ಅಧಿಕಾರವನ್ನು ಬಡವನಿಗೆ ಕೊಟ್ಟುದು ರಾತ್ರಿ. ನ್ಯೂಯಾರ್ಕಿನ ಚಿತ್ರಮಂದಿರಗಳು 1970ರ ದಶಕದಲ್ಲಿ ವಿಚಿತ್ರ ಚಿತ್ರಗಳಿಗೆ ತೆರೆದುಕೊಟ್ಟುದೂ ಇದೇ ಹೊತ್ತನ್ನು.

ಕನ್ನಡ ಚಿತ್ರರಂಗ ಈ ದಾರಿಯನ್ನು ತುಳಿಯದೆ ಇಲ್ಲ. ಉಪೇಂದ್ರರು ಬರೆದು ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ (2002) ಯಂತ್ರಮಾನವನನ್ನು ತಂದಿತು. ಉಪೇಂದ್ರರೇ ನಿರ್ದೇಶಿಸಿದ ‘ಸೂಪರ್’ (2010) 2030ರ ಭಾರತವನ್ನು ಕಲ್ಪಿಸಿತು. ‘ಯುಐ’ (2024) ಬಂದಿತು. ಆ ಧೈರ್ಯ ಮೆಚ್ಚತಕ್ಕದ್ದೆ. ಆದರೆ ಅಲ್ಲಿ ನಾಯಕನೇ ದೊರೆ, ನಾಯಕನೇ ಸಾರಥಿ. ಹಾಗಾದಮೇಲೆ ದೊರೆಯನ್ನು ತಡೆದು ಕೇಳುವವರಾರು?

ಕಂತು ತಪ್ಪಿ ಸೀಜಾದ ಒಂದು ಲಾರಿ ಸಂಡೂರಿನ ಕೆಮ್ಮಣ್ಣಿನ ದಾರಿಯಲ್ಲಿ ಇದ್ದಕ್ಕಿದ್ದಂತೆ ಹೊಳೆಯತೊಡಗಲಿ. ಅದನ್ನು ಎಳೆಯಬಂದ ಹುಡುಗ ಬಳ್ಳಾರಿಯ ಮಾತಿನಲ್ಲಿಯೇ ಬೆರಗಾಗಲಿ. ಅಂಥ ಚಿತ್ರವನ್ನು ಯಾರಾದರೂ ತೆಗೆಯಬೇಕು. ಹಗಲಿನಲ್ಲಿ ಅದಕ್ಕೆ ಚಿತ್ರಮಂದಿರ ಸಿಕ್ಕದಿದ್ದರೆ ಚಿಂತೆಯಿಲ್ಲ. ದೊಡ್ಡಾಟ ನೋಡಿದ ಜನ ನಿದ್ದೆಗೆಡಲು ಹಿಂಜರಿಯುವವರಲ್ಲ.